ವೇಲ್ಸ್‌ನ ಹಳೆಯ ಕೋಟೆಯೊಂದನ್ನು ಲೆಗೋದಲ್ಲಿ ಕಟ್ಟಬೇಕು ಅಂತಿದ್ದೇನೆ. ಯಾವುದನ್ನು ಆರಿಸಲಿ, ಎಲ್ಲಿಂದ ಶುರು ಮಾಡಲಿ?

ಕೇರ್‌ಫಿಲಿ ಕೋಟೆ ಆರಿಸಿ. ಮೊದಲು ನೀರು ಹಾಸಿ, ಗೋಡೆ ಆಮೇಲೆ.

ದಕ್ಷಿಣ ವೇಲ್ಸ್‌ನಲ್ಲಿರುವ ಈ ಕೋಟೆಯನ್ನು ಕಟ್ಟಿಸಿದವನು ಇಂಗ್ಲಿಷ್ ಸರದಾರ ಗಿಲ್ಬರ್ಟ್ ಡಿ ಕ್ಲೇರ್. ವೇಲ್ಸ್‌ನ ದೊರೆ ಲುವೆಲಿನ್ ಆಪ್ ಗ್ರಿಫಿಡ್ ಉತ್ತರದಿಂದ ಒತ್ತಿಕೊಂಡು ಬರುತ್ತಿದ್ದ. ಅವನನ್ನು ತಡೆಯಲೆಂದು 1268ರಲ್ಲಿ ಕೆಲಸ ಹಿಡಿಸಿದ. 1270ರಲ್ಲಿ ಲುವೆಲಿನ್ ಬಂದು ಕಟ್ಟಿದಷ್ಟನ್ನೂ ಸುಟ್ಟ. ಮರುವರ್ಷವೇ ಗಿಲ್ಬರ್ಟ್ ಮತ್ತೆ ಶುರು ಮಾಡಿದ. ಎಂಥ ಹಟ ನೋಡಿ!

ಗಿಲ್ಬರ್ಟ್ 1266ರಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಯ ಮುತ್ತಿಗೆಯಲ್ಲಿ ಕಾದಾಡಿದವನು. ಸುತ್ತ ನಿಂತ ನೀರು ಆ ಕೋಟೆಯನ್ನು ತಿಂಗಳುಗಟ್ಟಲೆ ಕಾಪಾಡಿದ್ದನ್ನು ಕಣ್ಣಾರೆ ಕಂಡಿದ್ದ. ಕೇರ್‌ಫಿಲಿಯಲ್ಲೂ ಹಳ್ಳಕ್ಕೆ ಒಡ್ಡು ಹಾಕಿ ಕೆರೆ ನಿಲ್ಲಿಸಿದ. ನೀರಿದ್ದರೆ ಗೋಡೆಯ ಬುಡಕ್ಕೆ ಸುರಂಗ ತೋಡಲು ಆಗುವುದಿಲ್ಲ, ಕಲ್ಲೆಸೆಯುವ ಯಂತ್ರವನ್ನು ಹತ್ತಿರ ತರಲೂ ಆಗುವುದಿಲ್ಲ. ಆದರೆ ಶತ್ರು ಒಡ್ಡನ್ನೇ ಒಡೆದರೆ? ಅದಕ್ಕೇ ಒಡ್ಡಿನ ಮೇಲೂ ಗೋಡೆ, ಬುರುಜು, ಹೆಬ್ಬಾಗಿಲು ಕಟ್ಟಿಸಿದ. ಈ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆ ಒಡ್ಡು. ಮಾದರಿಯಲ್ಲಿ ಅದು ಸುಮ್ನೆ ಒಂದು ಅಂಚಾಗಿ ಉಳಿಯಬಾರದು.

ಇನ್ನು ಅಳತೆ. ಜಾಗ ಸುಮಾರು 30 ಎಕರೆ. ಲೆಗೋ ಗೊಂಬೆಗಳು ಓಡಾಡುವಷ್ಟು ದೊಡ್ಡದಾಗಿ, ಅಂದರೆ 1:40ರಲ್ಲಿ ಕಟ್ಟಿದರೆ ಒಂದೊಂದು ಬದಿ 8 ಮೀಟರ್ ದಾಟುತ್ತದೆ. ಮನೆಯಲ್ಲಿ ಎಲ್ಲಿ ಇಡ್ತೀರಿ? 1:500 ಇಟ್ಟುಕೊಳ್ಳಿ, ಎಲ್ಲಾ 70 ಸೆಂಟಿಮೀಟರ್ ಚೌಕದಲ್ಲಿ ಕೂರುತ್ತದೆ. ಒಂದು ಸ್ಟಡ್ (ಬ್ರಿಕ್ ಮೇಲಿನ ಒಂದು ಗುಬ್ಬಿಯ ಜಾಗ) 8 ಮಿಲಿಮೀಟರ್, ಹಾಗಾಗಿ ಅದು 4 ಮೀಟರ್‌ಗೆ ಲೆಕ್ಕ. ಬುರುಜಿಗೆ 2×2 ದುಂಡು ಬ್ರಿಕ್ ಸಾಕು. ನೀರಿಗೆ ಪಾರದರ್ಶಕ ನೀಲಿ ಟೈಲ್ (ಮೇಲೆ ಗುಬ್ಬಿ ಇಲ್ಲದ ನಯವಾದ ತುಂಡು), ಅದರ ಕೆಳಗೆ ಕಪ್ಪು ಪ್ಲೇಟ್ (ಬ್ರಿಕ್‌ನ ಮೂರನೇ ಒಂದರಷ್ಟು ದಪ್ಪದ ತುಂಡು) ಹಾಕಿ, ಆಗ ಆಳ ಕಾಣುತ್ತದೆ.

ಕೋಟೆಗೆ ಒಂದರೊಳಗೊಂದು ಎರಡು ಸುತ್ತು ಗೋಡೆ. ಒಳಗೋಡೆ ಹೊರಗೋಡೆಗಿಂತ ಎತ್ತರ ಇರಲೇಬೇಕು. ಒಳಗೋಡೆಯ ಮೇಲೆ ನಿಂತ ಬಿಲ್ಲುಗಾರರು ಹೊರಗೋಡೆಯ ಮೇಲಿನ ತಮ್ಮವರ ತಲೆ ಮೇಲಿಂದ ಬಾಣ ಬಿಡಲೆಂದೇ ಹಾಗೆ ಕಟ್ಟಿದ್ದು. ಇಷ್ಟು ಚಿಕ್ಕ ಅಳತೆಯಲ್ಲಿ ಒಂದು ಪ್ಲೇಟಿನ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ, ಪೂರ್ತಿ ಒಂದು ಬ್ರಿಕ್ ಏರಿಸಿ.

ಆಗ್ನೇಯ ಮೂಲೆಯ ಬುರುಜು ಸುಮಾರು 10 ಡಿಗ್ರಿ ಹೊರಕ್ಕೆ ವಾಲಿದೆ, ಪೀಸಾ ಗೋಪುರಕ್ಕಿಂತ ಜಾಸ್ತಿ! ಅದನ್ನು ಹಿಂಜ್ (ಬಾಗುವ ಕೀಲಿನ ತುಂಡು) ಮೇಲೆ ಕೂರಿಸಿ. ಐದು ಬ್ರಿಕ್ ಎತ್ತರ ಇದ್ದರೆ ತುದಿ ಹೆಚ್ಚುಕಡಿಮೆ ಒಂದು ಸ್ಟಡ್‌ನಷ್ಟು ಆಚೆ ಬರಬೇಕು. ಆದರೆ ವಾಲಿದ ಬುರುಜು ಇಟ್ಟರೆ ಅದು ಇವತ್ತಿನ ಕೋಟೆ, ಗಿಲ್ಬರ್ಟ್ ಕಾಲದ್ದಲ್ಲ. ಯಾವ ಕಾಲದ್ದು ಬೇಕು ಅನ್ನೋದನ್ನು ಬ್ರಿಕ್ ಕೊಳ್ಳುವ ಮೊದಲೇ ತೀರ್ಮಾನಿಸಿ. ನಾನಾದರೆ ಇವತ್ತಿನದನ್ನೇ ಕಟ್ಟುತ್ತೇನೆ. ಬತ್ತಿಹೋಗಿದ್ದ ಕೆರೆಗಳಿಗೆ 1950ರ ದಶಕದಲ್ಲಿ ಮತ್ತೆ ನೀರು ತುಂಬಿಸಿದ್ದಾರೆ, ಹಾಗಾಗಿ ನೀರೂ ಸಿಗುತ್ತದೆ, ಆ ಬುರುಜೂ ಸಿಗುತ್ತದೆ.