ಒಬ್ಬರ ಕನಸು, ಇಬ್ಬರ ಮನೆ: ಗ್ರಿಡ್‌ನಿಂದ ದೂರದ ಬದುಕಿಗೆ ಸಿದ್ಧರಾಗುತ್ತಿದ್ದ ದಂಪತಿಯ ಪ್ರಕರಣ

ಆಪ್ತಸಲಹೆಗಾರ್ತಿಯಾಗಿ ನಾನು ಕಂಡ ಈ ಪ್ರಕರಣವನ್ನು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಲವತ್ತರ ಆಸುಪಾಸಿನ ಪತಿ ಉದ್ಯೋಗ ಬಿಟ್ಟು, ಊರಾಚೆ ಕೊಂಡಿದ್ದ ಜಮೀನಿನಲ್ಲಿ ಮನೆ ಕಟ್ಟಿಕೊಂಡು, ವಿದ್ಯುತ್ ಸಂಪರ್ಕವಾಗಲಿ ನಲ್ಲಿ ನೀರಾಗಲಿ ಇಲ್ಲದೆ, ಸೌರ ವಿದ್ಯುತ್ತನ್ನೂ ಮಳೆನೀರನ್ನೂ ನಂಬಿ ಸ್ವಾವಲಂಬಿಯಾಗಿ ಬದುಕಬೇಕೆಂದು ಬಹುಕಾಲದಿಂದ ಸಿದ್ಧತೆ ನಡೆಸಿದ್ದರು. ಪತ್ನಿ ಬೇಡವೆನ್ನುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ. ಆ ಮೌನವನ್ನು ಪತಿ ಅಧೈರ್ಯವೆಂದು ಭಾವಿಸಿದ್ದರು. "ಇವಳಿಗೆ ಸೌಕರ್ಯ ಬಿಟ್ಟಿರಲು ಆಗುವುದಿಲ್ಲ" ಎಂದು ಮೊದಲ ಭೇಟಿಯಲ್ಲೇ ಹೇಳಿದರು.

ಇಬ್ಬರನ್ನೂ ಪ್ರತ್ಯೇಕವಾಗಿ ಮಾತನಾಡಿಸಿದಾಗ ನಿಜವಾದ ಕಾರಣ ತಿಳಿಯಿತು. ಪತ್ನಿಗೆ ಬಾಲ್ಯದಿಂದಲೂ ಟೈಪ್ 1 ಮಧುಮೇಹ. ಇನ್ಸುಲಿನ್ ಇಲ್ಲದೆ ಅವರ ಜೀವ ನಿಲ್ಲದು. "ಮೋಡ ಕವಿದು ಫ್ರಿಜ್ ನಿಂತರೆ ನನ್ನ ಗತಿಯೇನು ಎಂದು ಕೇಳಬೇಕು ಅನಿಸುತ್ತದೆ ಮೇಡಂ. ಕೇಳಿದರೆ ಇವರ ಆಸೆಗೆ ನನ್ನ ಕಾಯಿಲೆ ಅಡ್ಡ ಬಂದಂತಾಗುತ್ತದೆ" ಎಂದರು. ಅವರ ಒಪ್ಪಿಗೆ ಪಡೆದು, ಮುಂದಿನ ಭೇಟಿಯಲ್ಲಿ ಆ ಪ್ರಶ್ನೆಯನ್ನು ಅವರಿಂದಲೇ ಪತಿಯ ಮುಂದೆ ಕೇಳಿಸಿದೆ.

ಹೋಗಬೇಕೋ ಬೇಡವೋ ಎಂದು ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಇಂಥ ಸಿದ್ಧತೆಯಲ್ಲಿ ಭಯಕ್ಕೂ ಲೆಕ್ಕಕ್ಕೂ ಬಿಡಿಸಲಾಗದ ನಂಟಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ, ಪತ್ನಿಯ ಪ್ರಶ್ನೆಯಿಂದಲೇ ಯೋಜನೆಯನ್ನು ಮರಳಿ ಬರೆಯುವಂತೆ ಇಬ್ಬರಿಗೂ ಸೂಚಿಸಿದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಹೆಪ್ಪುಗಟ್ಟಿದರೂ ಅದು ಕೆಡುತ್ತದೆ. ಫ್ರಿಜ್ ಒಂದಕ್ಕೇ ದಿನಕ್ಕೆ ಸುಮಾರು 1 ಯೂನಿಟ್ ವಿದ್ಯುತ್ ಬೇಕೆಂದು ಹಿಡಿದರೂ, ಬಿಸಿಲಿಲ್ಲದ ಮೂರು ದಿನಗಳಿಗೆ 3 ಯೂನಿಟ್ ಆಯಿತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಂದುವುದರಿಂದ 6 ಯೂನಿಟ್‌ನಷ್ಟು ಸಂಗ್ರಹ ಬೇಕಾಗುತ್ತದೆ. ಶೇ 80ರಷ್ಟು ಬಳಸಬಹುದಾದ ಲಿಥಿಯಂ ಬ್ಯಾಟರಿಯಾದರೆ 4 ಯೂನಿಟ್ ಸಾಕು. ದೀಪ, ಪಂಪು, ಇನ್ವರ್ಟರ್‌ನಲ್ಲಾಗುವ ನಷ್ಟ ಇದಕ್ಕೆ ಸೇರಿಲ್ಲ. ಪತಿಯ ಯೋಜನೆಯಲ್ಲಿದ್ದದ್ದು ಒಂದು ರಾತ್ರಿಗೆ ಸಾಲುವಷ್ಟು ಸಂಗ್ರಹ ಮಾತ್ರ. ಲೆಕ್ಕವನ್ನು ತಮ್ಮ ಕೈಯಿಂದಲೇ ಬರೆದು ಮುಗಿಸಿದ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಪತ್ನಿಯ ಕಡೆ ತಿರುಗಿ, "ಇದನ್ನು ನೀನು ಮೊದಲೇ ಹೇಳಬಾರದಿತ್ತೆ" ಎಂದರು. ಹೇಳಲು ಅವಕಾಶವಿತ್ತೇ ಎಂಬುದನ್ನೇ ಆ ದಿನದ ಉಳಿದ ಸಮಯವೆಲ್ಲ ಚರ್ಚಿಸಿದೆವು.

ನೀರಿನ ವಿಷಯದಲ್ಲಿ ಪತಿಯ ತಯಾರಿ ಚೆನ್ನಾಗಿತ್ತು. ಒಂದು ಚದರ ಮೀಟರ್ ಚಾವಣಿಯ ಮೇಲೆ ಬಿದ್ದ 1 ಮಿಲಿಮೀಟರ್ ಮಳೆ 1 ಲೀಟರ್ ನೀರಾಗುತ್ತದೆ ಎಂಬ ಸೂತ್ರವನ್ನು ಅವರು ಬಲ್ಲರು. ಆದರೆ ವರ್ಷದ ಮೊತ್ತ ಸಾಕಾದ ಮಾತ್ರಕ್ಕೆ ಒಣ ತಿಂಗಳುಗಳು ದಾಟುವುದಿಲ್ಲ. ದಿನಕ್ಕೆ ತಲಾ 50 ಲೀಟರಿನಂತೆ ಇಬ್ಬರಿಗೆ 180 ದಿನಗಳಿಗೆ 18,000 ಲೀಟರ್ ಹಿಡಿಯುವ ತೊಟ್ಟಿ ಬೇಕು, ತೋಟದ ನೀರು ಬೇರೆ.

ಇದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ದುಡಿಮೆಯ ಹಂಚಿಕೆ. ಪತಿಯ ಪಟ್ಟಿಯಲ್ಲಿ ಸಲಕರಣೆಗಳಿದ್ದವು, ಆದರೆ ನಿತ್ಯದ ಕೆಲಸಗಳ ಮುಂದೆ ಯಾರ ಹೆಸರೂ ಇರಲಿಲ್ಲ. ಸೌದೆ ಒಡೆಯುವುದು, ಕೈಯಲ್ಲಿ ಬಟ್ಟೆ ಒಗೆಯುವುದು, ಗೊಬ್ಬರದ ಶೌಚಾಲಯವನ್ನು ಖಾಲಿ ಮಾಡುವುದು, ಕಾಳುಕಡಿಗೆ ಹುಳು ಬೀಳದಂತೆ ನೋಡಿಕೊಳ್ಳುವುದು ಯಾರ ಪಾಲಿಗೆ ಎಂದು ಕೇಳಿದಾಗ ಇಬ್ಬರೂ ಪತ್ನಿಯ ಪಾಲಿಗೇ ಎಂದು ಊಹಿಸಿದ್ದರು. ಸ್ವಾವಲಂಬನೆಯ ಹೆಸರಿನಲ್ಲಿ ಒಬ್ಬರ ಮೇಲೆ ಇನ್ನೊಬ್ಬರ ಭಾರ ಬೀಳುವುದನ್ನು ನಾನು ಒಪ್ಪಲಾರೆನೆಂದು ಸ್ಪಷ್ಟವಾಗಿಯೇ ಹೇಳಿದೆ.

ಪತಿಯ ದಣಿವಿನ ಬಗೆಗೂ ಮಾತಾಯಿತು. ನಿದ್ರೆ ಕೆಟ್ಟು, ಕೆಲಸದಲ್ಲಿ ಆಸಕ್ತಿ ಕುಂದಿದ್ದ ಸ್ಥಿತಿಯಲ್ಲಿ ರಾಜೀನಾಮೆ ಕೊಡುವ ಬದಲು ದೀರ್ಘ ರಜೆ ಪಡೆದು, ವೈದ್ಯರನ್ನು ಕಾಣಬೇಕೆಂದು ಸೂಚಿಸಿದೆ.

ಕೊನೆಗೆ ಕೊಟ್ಟ ಸಲಹೆ ಹೀಗಿತ್ತು. ಈಗಿನ ಮನೆಯಲ್ಲೇ ಎರಡು ವಾರ ಮುಖ್ಯ ಸ್ವಿಚ್ ಆರಿಸಿ, ನಲ್ಲಿಯನ್ನೂ ಮುಚ್ಚಿ, ತಂದುಕೊಂಡ ಸಲಕರಣೆಗಳಿಂದಲೇ ಬದುಕಿ ನೋಡಬೇಕು. ಆ ಅವಧಿಯಲ್ಲಿ ಇನ್ಸುಲಿನ್ ಮಾತ್ರ ಬೇರೆ ಕಡೆ ಸುರಕ್ಷಿತವಾಗಿರಬೇಕು. ಅನಂತರ ಒಂದು ಪೂರ್ಣ ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಜಮೀನಿನಲ್ಲಿ ಕಳೆಯುವವರೆಗೆ ಮನೆ ಮಾರಬಾರದು. ವಿದ್ಯುತ್ ವಿನ್ಯಾಸವನ್ನು ತಜ್ಞರಿಂದಲೂ ಫ್ರಿಜ್ ನಿಂತಾಗ ಇನ್ಸುಲಿನ್ ಕೆಡದಂತೆ ಇಡುವ ಬದಲಿ ವ್ಯವಸ್ಥೆಯನ್ನು ಚಿಕಿತ್ಸೆ ನೀಡುವ ವೈದ್ಯರಿಂದಲೂ ಖಚಿತಪಡಿಸಿಕೊಳ್ಳಬೇಕು. ತುರ್ತಿನಲ್ಲಿ ವಾಹನ ತರಬಲ್ಲ ನೆರೆಯವರ ಪರಿಚಯವನ್ನು ಮೊದಲೇ ಮಾಡಿಕೊಳ್ಳಬೇಕು. ಯಾವ ಸಂದರ್ಭಗಳಲ್ಲಿ ಹಿಂದಿರುಗುವುದೆಂದು ಇಬ್ಬರೂ ಬರೆದು ಸಹಿ ಹಾಕಬೇಕು. ಪತ್ನಿ ಹಿಂದಿರುಗೋಣವೆಂದರೆ ಕಾರಣ ಕೇಳುವಂತಿಲ್ಲ ಎಂಬುದನ್ನು ಪತಿಯೇ ಆ ಕಾಗದಕ್ಕೆ ಸೇರಿಸಿದರು. ಪ್ರಯೋಗದ ಎರಡು ವಾರಗಳು ಮುಗಿದಿವೆ. ಬಟ್ಟೆ ಒಗೆಯುವ ಪಾಳಿ ಬದಲಾಗಿದೆ, ಬ್ಯಾಟರಿಯ ಲೆಕ್ಕ ತಜ್ಞರ ಬಳಿ ಇದೆ, ಹೊರಡುವ ದಿನ ಇನ್ನೂ ಗೊತ್ತಾಗಿಲ್ಲ.