ಬಾಯಿಪಾಠವಾದ ವಿಶ್ವಾಸಪ್ರಮಾಣ, ಅರ್ಥವಾಗದ ಒಂದು ಸಾಲು

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ರೈಸ್ತ ಧರ್ಮವನ್ನು ಹೊರಗಿನಿಂದ ನೋಡುವವರವಲ್ಲ. ಒಂದು ಭಾನುವಾರವನ್ನೂ ತಪ್ಪಿಸದೆ ಆರಾಧನೆಗೆ ಹೋಗುವವರವು, ಆರಾಧನೆಯಲ್ಲಿ ಎಲ್ಲರೂ ಕೂಡಿ ಹೇಳುವ ನಂಬಿಕೆಯ ಸಾರವಾದ ವಿಶ್ವಾಸಪ್ರಮಾಣವನ್ನು ಪುಸ್ತಕ ನೋಡದೆ ಒಪ್ಪಿಸಬಲ್ಲವರವು. ಹೀಗೆ ಸರಾಗವಾಗಿ ಒಪ್ಪಿಸುವವರನ್ನೇ ನಿಲ್ಲಿಸಿ, ಅದರ ಒಂದು ಸಾಲನ್ನು ಸ್ವಂತ ಮಾತಿನಲ್ಲಿ ಹೇಳಿ ಎಂದರೆ, ಆ ಸಾಲು ಯಾವ ಬೋಧನೆಯನ್ನು ಹೊರಗಿಡಲು ಹುಟ್ಟಿತೋ ಅದೇ ಬೋಧನೆ ಎಷ್ಟೋ ಸಲ ಅವರ ಬಾಯಿಂದ ಬರುತ್ತದೆ. ಇದನ್ನು ನಾನು ಭಕ್ತಿಯ ಕೊರತೆ ಎನ್ನುವುದಿಲ್ಲ. ಕಲಿಸಬೇಕಾದವರ ಸೋಮಾರಿತನ ಎನ್ನುತ್ತೇನೆ. ಸುವಾರ್ತೆಗಳು ಎಷ್ಟು, ಅಪೊಸ್ತಲರು ಯಾರು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟೂ ತಿಳಿಯದವರು ಮೊದಲು ಭಾನುವಾರದ ಶಾಲೆಯಲ್ಲಿ ಮಕ್ಕಳ ಪಕ್ಕ ಕೂರುವುದು ಒಳ್ಳೆಯದು.

ಪ್ರಶ್ನೆ: ತಂದೆಯವರ ಶವಸಂಸ್ಕಾರದಲ್ಲಿ ನಮ್ಮ ಸಭಾಪಾಲಕರು, “ಮಣ್ಣಿಗೆ ಹೋಗುತ್ತಿರುವುದು ಹಕ್ಕಿ ಬಿಟ್ಟುಹೋದ ಗೂಡು ಮಾತ್ರ, ಅವರು ಈಗ ದೇವದೂತರಾಗಿದ್ದಾರೆ, ಇನ್ನೆಂದಿಗೂ ದೇಹದ ಹಂಗಿಲ್ಲ” ಎಂದು ಸಾಂತ್ವನ ಹೇಳಿದರು. ಮನೆಗೆ ಬಂದ ಮೇಲೆ ಮಗಳು, “ಹಾಗಾದರೆ ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದು ಪ್ರತಿ ವಾರ ಏಕೆ ಹೇಳುತ್ತೇವೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ತಾಯಿಯವರು ತಮ್ಮನ್ನು ದಹನ ಮಾಡಬೇಕೆಂದು ಹೇಳಿದ್ದಾರೆ. ಅದು ಪುನರುತ್ಥಾನಕ್ಕೆ ಅಡ್ಡಿಯಾಗುತ್ತದೆಯೇ?

ನಿಮ್ಮ ಮಗಳ ಪ್ರಶ್ನೆ ಸರಿಯಾಗಿದೆ, ಸಭಾಪಾಲಕರ ಸಾಂತ್ವನ ತಪ್ಪಾಗಿದೆ. ದೇಹವೆಂಬ ಸೆರೆಮನೆಯಿಂದ ಆತ್ಮ ಬಿಡುಗಡೆ ಹೊಂದಿ ಶಾಶ್ವತವಾಗಿ ದೇಹವಿಲ್ಲದೆ ಸುಖವಾಗಿರುತ್ತದೆ ಎಂಬುದು ಪ್ಲೇಟೋನ ಬಳಿಗೆ ಹೋಗುವ ವಿಚಾರವೇ ಹೊರತು ಅಪೊಸ್ತಲರ ಬೋಧನೆಯಲ್ಲ. ಅಪೊಸ್ತಲನಾದ ಪೌಲನು ಗ್ರೀಕರ ಅಥೇನೆ ನಗರದಲ್ಲಿ ಮಾತನಾಡಿದಾಗ ಜನ ಸಾವಧಾನವಾಗಿ ಕೇಳುತ್ತಲೇ ಇದ್ದರು. ಸತ್ತವರು ಎದ್ದುಬರುವ ಮಾತು ಬಂದ ಕೂಡಲೇ ಕೆಲವರು ಗೇಲಿ ಮಾಡಿದರೆಂದು ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿದೆ. ಆತ್ಮ ಅಮರವೆಂದಷ್ಟೇ ಅವನು ಹೇಳಿದ್ದರೆ ಆ ಊರಿನಲ್ಲಿ ಅದು ಯಾರಿಗೂ ಹೊಸದಾಗುತ್ತಿರಲಿಲ್ಲ.

ದೇವಶಾಸ್ತ್ರ ಕಲಿಯಲು ಬರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಯೇಸುವಿಗೆ ಈ ಹೊತ್ತು ದೇಹವಿದೆಯೇ? ತರಗತಿ ಮೌನವಾಗುತ್ತದೆ. ಬಳಿಕ ಹಿಂದಿನ ಸಾಲಿನಿಂದ ಯಾರೋ ಒಬ್ಬರು, ಪರಲೋಕಕ್ಕೆ ಏರಿಹೋಗುವಾಗ ಅದನ್ನು ಬಿಟ್ಟಿರಬೇಕು ಎನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಸಭೆಯ ಉತ್ತರ ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಲೂಕನ 24ನೆಯ ಅಧ್ಯಾಯದಲ್ಲಿ, ಪುನರುತ್ಥಾನಗೊಂಡ ಯೇಸು ಭೂತವೆಂದು ಹೆದರಿದ ಶಿಷ್ಯರಿಗೆ ಕೈಕಾಲುಗಳನ್ನು ತೋರಿಸಿ, ಮುಟ್ಟಿ ನೋಡಿರೆಂದು ಹೇಳಿ, ಅವರು ಆಗಲೂ ನಂಬದಿದ್ದಾಗ ಸುಟ್ಟ ಮೀನಿನ ತುಂಡನ್ನು ಅವರ ಕಣ್ಣೆದುರೇ ತಿನ್ನುತ್ತಾನೆ. ಅದೇ ಯೇಸು ಏರಿಹೋದನು. ಮಾನವತ್ವವನ್ನು ಎಲ್ಲಿಯೂ ಕಳಚಿಡಲಿಲ್ಲ. ಕ್ರಿಸ್ತನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕಲ್ಸೆದೋನ್ ಮಹಾಸಭೆ ಹೇಳಿದಾಗ, ಅದು ಮೂವತ್ತು ಚಿಲ್ಲರೆ ವರ್ಷಗಳ ತಾತ್ಕಾಲಿಕ ಏರ್ಪಾಡೆಂದು ಹೇಳಲಿಲ್ಲ.

ನಮ್ಮ ನಿರೀಕ್ಷೆ ನಿಂತಿರುವುದು ಇದರ ಮೇಲೆ. ಕ್ರಿಸ್ತನನ್ನು ಪೌಲನು ನಿದ್ರೆಹೋದವರಲ್ಲಿ ಪ್ರಥಮಫಲವೆಂದು ಕರೆಯುತ್ತಾನೆ. ಪ್ರಥಮಫಲಕ್ಕೆ ಆದದ್ದೇ ಉಳಿದ ಬೆಳೆಗೂ ಆಗಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯವನ್ನು ಒಮ್ಮೆಯಾದರೂ ಆದಿಯಿಂದ ಅಂತ್ಯದವರೆಗೆ ಓದಿ, ಶವಸಂಸ್ಕಾರದಲ್ಲಿ ಓದುವ ನಾಲ್ಕು ವಚನಗಳಿಗೇ ನಿಲ್ಲಿಸಬೇಡಿ. ಅಲ್ಲಿ ಬರುವ ಆತ್ಮಿಕ ದೇಹವೆಂಬ ಮಾತನ್ನು ಹಿಡಿದುಕೊಂಡು, ಅದು ದೇಹವೇ ಅಲ್ಲವೆಂದು ವಾದಿಸುವ ಬೋಧಕರಿದ್ದಾರೆ. ಪೌಲನು ಹೇಳುವುದು ಪವಿತ್ರಾತ್ಮನಿಂದ ಜೀವಿಸುವ, ಅಳಿವಿಲ್ಲದ ದೇಹದ ಬಗ್ಗೆ. ದೇಹವೇ ಇಲ್ಲವೆಂದಾಗಿದ್ದರೆ ಅಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ.

ಹಾಗಾದರೆ ತಂದೆಯವರು ಈಗ ಎಲ್ಲಿದ್ದಾರೆ? ಕ್ರಿಸ್ತನಲ್ಲಿ ಸತ್ತವರು ಕ್ರಿಸ್ತನ ಸಂಗಡ ಇರುತ್ತಾರೆ ಎಂಬ ಭರವಸೆ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿದೆ, ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು ಕೊಟ್ಟ ಮಾತಿನಲ್ಲೂ ಇದೆ. ಆದರೆ ಅದು ಕಾಯುವ ಸ್ಥಿತಿ, ಕೊನೆಯ ಸ್ಥಿತಿಯಲ್ಲ. ಆ ನಡುಗಾಲದ ವಿವರಗಳಲ್ಲಿ, ಅದರಲ್ಲೂ ಸ್ವರ್ಗ ಸೇರುವ ಮೊದಲು ಆತ್ಮಗಳು ಶುದ್ಧಿಯಾಗುತ್ತವೆ ಎನ್ನುವ ಶುದ್ಧೀಕರಣ ಸ್ಥಳದ ವಿಷಯದಲ್ಲಿ, ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಭಿನ್ನಾಭಿಪ್ರಾಯವಿದೆ. ಕಡೆಯ ದಿನದಲ್ಲಿ ದೇಹ ಎದ್ದುಬರುತ್ತದೆ ಎಂಬುದರಲ್ಲಿ ಈ ಇಬ್ಬರಿಗೂ ಆರ್ಥೊಡಾಕ್ಸರಿಗೂ ಭೇದವಿಲ್ಲ. ಇನ್ನು ದೇವದೂತರ ಮಾತು. ಮನುಷ್ಯರು ಸತ್ತು ದೇವದೂತರಾಗುವುದಿಲ್ಲ. ದೇವದೂತರು ಬೇರೆಯೇ ಸೃಷ್ಟಿ. ಎದ್ದುಬಂದವರು ದೇವದೂತರಂತೆ ಇರುತ್ತಾರೆಂಬ ಮತ್ತಾಯನ 22ನೆಯ ಅಧ್ಯಾಯದ ಹೋಲಿಕೆ ಮದುವೆ ಇಲ್ಲದಿರುವುದಕ್ಕೆ ಸಂಬಂಧಿಸಿದ್ದು, ಅಷ್ಟೇ.

ಇದಕ್ಕಿಂತ ಹೆಚ್ಚಿನ ವಿವರ ನನ್ನಿಂದ ಸಿಗದು, ಕೊಡುವವರನ್ನು ನೀವು ನಂಬಲೂ ಬೇಡಿ. ಪರದೈಸಿನವರೆಗೆ, ಅಂದರೆ ಪರಲೋಕದವರೆಗೆ, ಒಯ್ಯಲ್ಪಟ್ಟ ಅನುಭವದ ಬಗ್ಗೆ ಪೌಲನು, ಅಲ್ಲಿ ಕೇಳಿದ್ದನ್ನು ಮನುಷ್ಯರು ನುಡಿಯಬಾರದೆಂದು ಬಾಯಿ ಮುಚ್ಚಿಕೊಂಡನು. ಇಂದು ಸ್ವರ್ಗಕ್ಕೆ ಹೋಗಿ ಬಂದೆವೆಂದು ಹೇಳಿಕೊಳ್ಳುವವರು ಅಲ್ಲಿನ ಬೀದಿಯ ಅಗಲ, ಮನೆಗಳ ಬಣ್ಣ, ನಿಮ್ಮ ಬಂಧುಗಳು ಕಳಿಸಿದ ಸಂದೇಶ ಎಲ್ಲವನ್ನೂ ವಿಡಿಯೊದಲ್ಲಿ ಬಣ್ಣಿಸಿ, ಕೊನೆಗೆ ಕಾಣಿಕೆ ಹಾಕಬೇಕಾದ ಖಾತೆಯ ಸಂಖ್ಯೆಯನ್ನೂ ಹೇಳುತ್ತಾರೆ. ದುಃಖದಲ್ಲಿರುವ ಮನೆಗಳನ್ನು ಹುಡುಕಿ ಸುಲಿಯುವ ಈ ದಂಧೆಗೆ ದೇವಶಾಸ್ತ್ರದಲ್ಲಿ ಉತ್ತರ ಹುಡುಕುವುದೇ ವ್ಯರ್ಥ.

ದಹನದ ಬಗ್ಗೆ: ಅದು ಪುನರುತ್ಥಾನಕ್ಕೆ ಅಡ್ಡಿಯಲ್ಲ. 177ರಲ್ಲಿ ಇಂದಿನ ಫ್ರಾನ್ಸಿನ ಲ್ಯೋನ್ ನಗರದಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ಶವಗಳನ್ನು ಆರು ದಿನ ಬಯಲಿನಲ್ಲಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರೆಂದು ಯೂಸೇಬಿಯಸ್ ತನ್ನ ಸಭಾ ಇತಿಹಾಸದಲ್ಲಿ ಉಳಿಸಿರುವ ಪತ್ರ ಹೇಳುತ್ತದೆ. ಇವರು ಇನ್ನು ಹೇಗೆ ಎದ್ದುಬರುತ್ತಾರೋ ನೋಡೋಣ ಎಂಬುದೇ ಹಿಂಸಕರ ಲೆಕ್ಕಾಚಾರವಾಗಿತ್ತು. ಕ್ರೈಸ್ತರು ಏನನ್ನು ನಂಬುತ್ತಾರೆಂದು ಆ ಹಿಂಸಕರಿಗೆ ನಿಮ್ಮ ಸಭಾಪಾಲಕರಿಗಿಂತ ಸ್ಪಷ್ಟವಾಗಿ ಗೊತ್ತಿತ್ತು! ಆ ಲೆಕ್ಕಾಚಾರವನ್ನು ಸಭೆ ಒಪ್ಪಲಿಲ್ಲ. ಹೂಳದೆ ಉಳಿದ ಶವದಿಂದ ವಿಶ್ವಾಸಿಗೆ ನಷ್ಟವಿಲ್ಲವೆಂದು ಆದಿ ಸಭೆಯ ದೇವಶಾಸ್ತ್ರಜ್ಞ ಆಗಸ್ಟೀನನೂ ಬರೆದಿದ್ದಾನೆ. ಕಥೋಲಿಕ ಧರ್ಮಸಭೆ 1886ರಲ್ಲಿ ದಹನವನ್ನು ನಿಷೇಧಿಸಿತ್ತು, 1963ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಆದರೂ ಭೂಸಮಾಧಿಯೇ ಮೇಲೆಂದು ಈಗಲೂ ಹೇಳುತ್ತದೆ, ಬೂದಿಯನ್ನು ಚೆಲ್ಲಬಾರದೆಂದು 2016ರ ಸೂಚನೆಯಲ್ಲಿ ವಿಧಿಸಿದೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಇದನ್ನು ಕುಟುಂಬದ ವಿವೇಚನೆಗೆ ಬಿಡುತ್ತವೆ, ಆರ್ಥೊಡಾಕ್ಸ್ ಸಭೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಾಯಿಯವರ ಇಚ್ಛೆ ದೇಹ ನಿಷ್ಪ್ರಯೋಜಕವೆಂಬ ಭಾವನೆಯಿಂದ ಬಂದಿದ್ದರೆ ಅವರೊಂದಿಗೆ ಕೂತು ಮಾತನಾಡಿ. ಬೇರೆ ಕಾರಣವಿದ್ದರೆ ಅವರು ಹೇಳಿದಂತೆ ನಡೆಸಿ.

ಪ್ರಶ್ನೆ: ಅಮೆರಿಕದ ಕಥೋಲಿಕರಲ್ಲಿ ಮೂರರಲ್ಲಿ ಎರಡು ಪಾಲಿಗೆ ಪರಮಪ್ರಸಾದದ ಬೋಧನೆಯಲ್ಲಿ ನಂಬಿಕೆಯಿಲ್ಲವೆಂದು ಓದಿದೆ. ನಾವು ಪ್ರೊಟೆಸ್ಟಂಟರು ಈ ವಿಷಯದಲ್ಲಿ ಮೇಲಲ್ಲವೇ?

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ 2019ರ ಆ ಸಮೀಕ್ಷೆಯಲ್ಲಿ, ರೊಟ್ಟಿಯೂ ದ್ರಾಕ್ಷಾರಸವೂ ನಿಜವಾಗಿ ಕ್ರಿಸ್ತನ ಶರೀರ ಮತ್ತು ರಕ್ತವಾಗುತ್ತವೆ ಎಂದವರು ಶೇ 31. ಸಂಕೇತ ಮಾತ್ರವೆಂದವರಲ್ಲಿ ಹೆಚ್ಚಿನವರು, ತಮ್ಮ ಧರ್ಮಸಭೆ ಬೋಧಿಸುವುದೂ ಅದನ್ನೇ ಎಂದು ಭಾವಿಸಿದ್ದರು. ಅಂದರೆ ಅವರು ಬೋಧನೆಯನ್ನು ತಿರಸ್ಕರಿಸಿರಲಿಲ್ಲ, ಅದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಬೀಗಲು ಹೊರಟ ನೀವು ಅದೇ ಕೇಂದ್ರದ 2017ರ ವರದಿಯನ್ನೂ ಓದಿ. ಪ್ರೊಟೆಸ್ಟಂಟ್ ಸುಧಾರಣೆಗೆ 500 ವರ್ಷ ತುಂಬಿದ ಆ ವರ್ಷದಲ್ಲಿ, ವಿಶ್ವಾಸದ ಜೊತೆಗೆ ಸತ್ಕ್ರಿಯೆಗಳೂ ಇದ್ದರೇ ಸ್ವರ್ಗ ಎಂದ ಅಮೆರಿಕದ ಪ್ರೊಟೆಸ್ಟಂಟರು ಶೇ 52. ವಿಶ್ವಾಸವೊಂದರಿಂದಲೇ ರಕ್ಷಣೆ ಎಂಬ ಯಾವ ಮಾತಿಗಾಗಿ ಸುಧಾರಕ ಲೂಥರ್ ರೋಮಿನೊಡನೆ ಸಂಬಂಧ ಕಡಿದುಕೊಂಡನೋ ಆ ಮಾತು ಅವನ ಹೆಸರು ಹೇಳುವವರಲ್ಲೇ ಅರ್ಧಕ್ಕರ್ಧ ಮಂದಿಗೆ ತಲುಪಿಲ್ಲ.

ಪ್ರಶ್ನೆ: ಬೈಬಲಿನ ಪುಸ್ತಕಗಳನ್ನು ನಿಸೀಯದ ಮಹಾಸಭೆಯಲ್ಲಿ ಮತ ಹಾಕಿ ಆರಿಸಿದರಂತೆ?

ಇಲ್ಲ. 325ರಲ್ಲಿ ಅಲ್ಲಿ ಮುಖ್ಯವಾಗಿ ಚರ್ಚೆಯಾದದ್ದು, ಮಗನು, ಅಂದರೆ ಕ್ರಿಸ್ತನು, ಸೃಷ್ಟಿಯಾದವನೆಂಬ ಅರಿಯಸನ ಬೋಧನೆ.

ಪ್ರಶ್ನೆ: ಮರಿಯಳ ನಿಷ್ಕಳಂಕ ಗರ್ಭಧಾರಣೆ ಎಂದರೆ ಯೇಸು ಕನ್ಯೆಯಲ್ಲಿ ಹುಟ್ಟಿದ್ದು ತಾನೇ?

ಅಲ್ಲ. ಮರಿಯಳು ತನ್ನ ತಾಯಿಯ ಗರ್ಭದಲ್ಲಿ ಉದ್ಭವಿಸಿದ ಕ್ಷಣದಿಂದಲೇ ಆದಾಮನಿಂದ ಮನುಕುಲಕ್ಕೆ ಬಂದ ಮೂಲಪಾಪದಿಂದ ಮುಕ್ತಳಾಗಿದ್ದಳೆಂದು 1854ರಲ್ಲಿ 9ನೆಯ ಪಿಯುಸ್ ಪೋಪರು ಘೋಷಿಸಿದ ಕಥೋಲಿಕ ಸಿದ್ಧಾಂತ ಅದು.

ಪ್ರಶ್ನೆ: ಲೋಕಾಂತ್ಯದ ದಿನಾಂಕವನ್ನು ಲೆಕ್ಕಹಾಕಿ ತಿಳಿಸುವ ಬೋಧಕರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದಾರೆ. ಹೋಗಬಹುದೇ?

ಬೇಡ. ಆ ದಿನ ತಂದೆಗೆ ಹೊರತು ಯಾರಿಗೂ ತಿಳಿಯದು ಎನ್ನುವ ಮಾರ್ಕನ 13ನೆಯ ಅಧ್ಯಾಯದ 32ನೆಯ ವಚನ ಓದಿ ಮನೆಯಲ್ಲೇ ಇರಿ.

ಪ್ರಶ್ನೆ: ಸಭಾಪಾಲಕರ ತಪ್ಪನ್ನು ನಮ್ಮಂಥ ಸಾಮಾನ್ಯರು ತೋರಿಸುವುದು ಉದ್ಧಟತನವಾಗುವುದಿಲ್ಲವೇ?

1331ರಲ್ಲಿ 22ನೆಯ ಯೋಹಾನ ಪೋಪರು, ಸತ್ತ ಪುಣ್ಯವಂತರ ಆತ್ಮಗಳು ಕಡೆಯ ತೀರ್ಪಿನವರೆಗೆ ದೇವರ ಮುಖವನ್ನು ಕಾಣವೆಂದು ಪ್ರಸಂಗ ಮಾಡತೊಡಗಿದರು. ಪ್ಯಾರಿಸಿನ ದೇವಶಾಸ್ತ್ರಜ್ಞರು ವಿರೋಧಿಸಿದರು, 1334ರಲ್ಲಿ ಮರಣಶಯ್ಯೆಯಲ್ಲಿ ಪೋಪರು ಮಾತನ್ನು ಹಿಂತೆಗೆದುಕೊಂಡರು, ಅವರ ನಂತರ ಬಂದ 12ನೆಯ ಬೆನೆಡಿಕ್ಟ್ 1336ರಲ್ಲಿ ವಿಷಯವನ್ನು ಇತ್ಯರ್ಥಪಡಿಸಿದರು. ಪೋಪರನ್ನೇ ತಿದ್ದಬಹುದಾದರೆ ನಿಮ್ಮ ಸಭಾಪಾಲಕರು ತಿದ್ದುಪಡಿಗೆ ಅತೀತರೇನಲ್ಲ. ಆದರೆ ಶವಪೆಟ್ಟಿಗೆಯ ಎದುರು, ಹತ್ತು ಜನರ ನಡುವೆ ವಾದಕ್ಕೆ ಇಳಿಯಬೇಡಿ. ವಾರದ ನಡುವೆ ಒಬ್ಬರೇ ಹೋಗಿ, ಶರೀರದ ಪುನರುತ್ಥಾನದ ಸಾಲಿನ ಮೇಲೆ ಒಂದು ಭಾನುವಾರ ಪ್ರಸಂಗ ಮಾಡಿರೆಂದು ವಿನಯದಿಂದ ಕೇಳಿ. ಅವರು ತಯಾರಿಗಾಗಿ ಎರಡು ವಾರ ಸಮಯ ಕೇಳಿದರೆ ಸಂತೋಷದಿಂದ ಕೊಡಿ. ಸಾಮಾನ್ಯರಿಗೆ ಇದೆಲ್ಲ ಬೇಡವೆಂದರೆ, ಹಾಗಾದರೆ ಅದನ್ನು ಪ್ರತಿ ವಾರ ನಮ್ಮಿಂದ ಏಕೆ ಹೇಳಿಸುತ್ತೀರಿ ಎಂದು ಕೇಳಿ.