ಅಪ್ಪ ಗಟ್ಟಿಯಾಗಿದ್ದಾರೆ, ವಿಲ್ ಬರೆಸೋಕೆ ಈಗಲೇ ಅವಸರ ಏನು?

ನೀವು ಕೇಳಿರುವುದು ಇಷ್ಟು: ಅಪ್ಪನಿಗೆ 72, ಬಿಪಿ ಮಾತ್ರೆ ಬಿಟ್ಟರೆ ಆರಾಮಾಗಿದ್ದಾರೆ. ಮೈಸೂರಿನಲ್ಲಿ ಅವರೇ ಕಟ್ಟಿಸಿದ ಮನೆ, ಊರಲ್ಲಿ ಹಿರಿಯರಿಂದ ಬಂದ ಎರಡು ಎಕರೆ. ಮಕ್ಕಳು ಅಂದರೆ ನೀವು, ನಿಮ್ಮ ಅಕ್ಕ. ಅವರು ದಾನಪತ್ರ ಮಾಡಿಬಿಡ್ತೀನಿ ಅಂತಿದ್ದಾರೆ, ನೀವು ವಿಲ್ ಸಾಕು, ಅದಕ್ಕೂ ಈಗಲೇ ಅವಸರವಿಲ್ಲ ಅಂತಿದ್ದೀರಿ. ನಾನು ವಕೀಲನಲ್ಲ, ತುಂಬಾ ವರ್ಷ ವಕೀಲರ ಹತ್ತಿರ ಗುಮಾಸ್ತನಾಗಿದ್ದವನು. ವಿಲ್ ಅನ್ನೋದನ್ನು ಒಪ್ಪುತ್ತೇನೆ. ಅವಸರವಿಲ್ಲ ಅನ್ನೋದನ್ನು ಒಪ್ಪಲ್ಲ. ವಿಲ್ ಕೋರ್ಟಿಗೆ ಹೋದರೆ ಎದುರಾಳಿ ಮೊದಲು ಕೈ ಹಾಕುವುದೇ ಬರೆದವರ ಆರೋಗ್ಯಕ್ಕೆ.

ಒಂದು ಪಾಲಿನ ದಾವೆ ನೆನಪಿದೆ. ಯಜಮಾನರು ಬ್ಯಾಂಕ್ ಚಲನ್‌ನಿಂದ ಹಿಡಿದು ಹಾಲಿನ ಡೈರಿ ಪುಸ್ತಕದವರೆಗೆ ಎಲ್ಲ ಕಡೆ ದುಂಡಗೆ ಸಹಿ ಹಾಕಿದವರು. ವಿಲ್‌ನಲ್ಲಿ ಮಾತ್ರ ಹೆಬ್ಬೆಟ್ಟು. ಆಸ್ಪತ್ರೆ ಮಂಚದ ಮೇಲೆ, ಕೈಗೆ ಡ್ರಿಪ್ ಹಾಕಿದ್ದಾಗ ಒತ್ತಿಸಿದ್ದು. ಪಾಟಿ ಸವಾಲಿನಲ್ಲಿ ಎದುರು ವಕೀಲರು, "ಸಹಿ ಬರುವವರಿಗೆ ಹೆಬ್ಬೆಟ್ಟು ಯಾಕೆ ಬೇಕಾಯ್ತು?" ಅಂದರು. ವಿಲ್ ನಿಜವಾದದ್ದೇ ಇದ್ದಿರಬಹುದು, ಆದರೆ ಮಗನ ಬಾಯಿಂದ ಮಾತೇ ಹೊರಡಲಿಲ್ಲ.

ಇಂಥ ಅನುಮಾನದ ವಿಲ್‌ಗಳು ಬಂದಾಗ ಕೋರ್ಟುಗಳು ಇವತ್ತಿಗೂ ತೆಗೆದು ನೋಡುವ 1959ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಮೈಸೂರು ಸೀಮೆಯದ್ದೇ, ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣ. ವಿಲ್‌ನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಅನುಮಾನ ಕಳೆಯುವ ಹೊಣೆ ಅವನದೇ ಅನ್ನುತ್ತದೆ. ಅದಕ್ಕೇ ನೀವು ದೂರ ಇರಿ. ಅಪ್ಪನೇ ವಕೀಲರ ಹತ್ತಿರ ಕೂತು ಹೇಳಲಿ.

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಅವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಇಷ್ಟೇ ಕಾನೂನು ಕೇಳುವುದು. ಸಾಕ್ಷಿಗಳು ಅಪ್ಪನಿಗಿಂತ ಚಿಕ್ಕವರಾಗಿರಲಿ, ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ ಅಲ್ವಾ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನೋಂದಣಿ ಆಯ್ತು ಅಂತ ಕೈ ಕಟ್ಟಿಹೋಗಲ್ಲ, ಬದುಕಿರುವಷ್ಟು ದಿನ ಬದಲಾಯಿಸಬಹುದು. ಬುದ್ಧಿ ಸ್ಥಿಮಿತದಲ್ಲಿದೆ ಅನ್ನುವ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಒಂದು ಜೊತೆಗಿರಲಿ. ಚಕ್ಕುಬಂದಿಯನ್ನು, ಅಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಗಡಿಯನ್ನು, ಕ್ರಯಪತ್ರ ನೋಡಿಕೊಂಡೇ ಬರೆಸಿ. ಅಮ್ಮನಿಗೆ ಮನೆ ಪೂರ್ತಿ ಹಕ್ಕಿನಿಂದಲೋ, ಇರುವಷ್ಟು ದಿನ ವಾಸಕ್ಕೆ ಮಾತ್ರವೋ, ಇದನ್ನು ಬಿಡಿಸಿ ಬರೆಯಬೇಕು. "ನಂತರ ಅನುಭವಿಸತಕ್ಕದ್ದು" ಅಂತ ಗೋಜಲಾಗಿ ಬರೆದ ಒಂದು ಸಾಲಿನ ಮೇಲೆ ಎಷ್ಟೋ ದಾವೆಗಳು ನಡೆಯುತ್ತವೆ.

ದಾನಪತ್ರ ಮಾಡಿದರೆ ಅವತ್ತೇ ಮನೆ ಕೈಬಿಡುತ್ತದೆ. ನಿಮ್ಮ ಮೇಲೆ ಅನುಮಾನದಿಂದ ಹೇಳುತ್ತಿಲ್ಲ, ಆದರೂ ತಲೆ ಮೇಲಿನ ಸೂರು ಅವರ ಹೆಸರಲ್ಲೇ ಇರಲಿ. ಮಾಡಲೇಬೇಕು ಅಂದರೆ, ನಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಬೇಕು. ಆಗ, ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಕೆಳಗೆ ಎಸಿ (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಜಗ್ಗಾಟ ಜಾಸ್ತಿ.

ಊರಿನ ಜಮೀನು ಬೇರೆ ಲೆಕ್ಕ. ಅದು ಪಿತ್ರಾರ್ಜಿತವಾದರೆ ಅಪ್ಪ ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ. 2005ರ ತಿದ್ದುಪಡಿಯಿಂದ ನಿಮ್ಮ ಅಕ್ಕನಿಗೂ ನಿಮ್ಮಷ್ಟೇ ಹಕ್ಕಿದೆ, ಮದುವೆಯಲ್ಲಿ ಕೊಟ್ಟಾಯ್ತು ಅನ್ನೋ ಮಾತು ಅಲ್ಲಿ ನಡೆಯಲ್ಲ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿ.

ಇನ್ನು ಆರೋಗ್ಯ. ವಾಕಿಂಗ್ ಹೋಗ್ತಾರೆ ಅಂತ ಬರೆದಿದ್ದೀರಿ, ಒಳ್ಳೆಯದೇ, ಆದರೆ ಈ ವಯಸ್ಸಿಗೆ ಅದಷ್ಟೇ ಸಾಲದು. ಆಯ ತಪ್ಪದೆ ನಿಲ್ಲುವ ಅಭ್ಯಾಸ ವಾರಕ್ಕೆ ಮೂರು ದಿನವಾದರೂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಂಥವು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದವರು ಎಷ್ಟೋ ಜನ ಮೊದಲಿನ ಹಾಗೆ ಓಡಾಡುವುದೇ ಇಲ್ಲ. ಕಮೋಡ್ ಪಕ್ಕ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿ, ಈ ವಾರವೇ.

ಕಿವಿ ಮಂದವಾಗಿದ್ದರೆ ಮಷಿನ್ ಹಾಕಿಸಿ, ಕಣ್ಣಿಗೆ ಪೊರೆ ಬಂದಿದ್ದರೆ ಆಪರೇಷನ್ ಮಾಡಿಸಿ. ಇದಕ್ಕೂ ವಿಲ್‌ಗೂ ಸಂಬಂಧ ಇದೆ: ಸಬ್ ರಿಜಿಸ್ಟ್ರಾರ್ ಕೇಳಿದ್ದು ಅಪ್ಪನಿಗೆ ಕೇಳಿಸದೆ ಮಗ ಉತ್ತರ ಕೊಟ್ಟರೆ ನೋಡಿದವರಿಗೆ ಏನನ್ನಿಸುತ್ತದೆ ಹೇಳಿ. ಮರೆವು ಶುರುವಾದರೆ ಅರವತ್ತಕ್ಕೆ ಅರಳುಮರಳು ಅಂತ ಸುಮ್ನೆ ಬಿಡಬೇಡಿ. ಬಿ12 ಕಡಿಮೆಯಾದರೂ ಮರೆವು ಬರುತ್ತದೆ, ಥೈರಾಯ್ಡ್‌ನಿಂದಲೂ ಬರುತ್ತದೆ, ಎರಡಕ್ಕೂ ಔಷಧ ಇದೆ. ಮಾಂಸ ತಿನ್ನದ ಮನೆಯಲ್ಲಿ ಬಿ12 ಕಡೆ ಗಮನ ಜಾಸ್ತಿ ಬೇಕು.

ಇನ್ನೊಂದು ಕಾಗದ ಇದೆ, ಲಿವಿಂಗ್ ವಿಲ್. ವಾಸಿಯಾಗುವ ಆಸೆಯೇ ಇಲ್ಲದ ಸ್ಥಿತಿ ಬಂದರೆ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು, 2023ರಲ್ಲಿ ಸುಲಭ ಮಾಡಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ. 2025ರ ಜನವರಿಯಲ್ಲಿ ನಮ್ಮ ಸರ್ಕಾರವೂ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು. ಈ ಮಾತು ಎತ್ತುವುದು ಕಷ್ಟ, ಗೊತ್ತು. ಅಪ್ಪ ಎತ್ತಿದರೆ "ಬಿಡಿ ಅಪ್ಪಾಜಿ" ಅಂತ ಬಾಯಿ ಮುಚ್ಚಿಸಬೇಡಿ, ಅಷ್ಟು ಸಾಕು.

ಬರೆದ ವಿಲ್ ಅನ್ನು ಅವರೊಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ, ಆಮೇಲೆ ಆ ಲಾಕರ್ ತೆಗೆಸುವುದೇ ಒಂದು ಕೆಲಸ. ಬ್ಯಾಂಕಲ್ಲಿ ನಾಮಿನಿ ಹಾಕಿದ್ದೀವಲ್ಲ ಅಂತಲೂ ಸುಮ್ಮನಾಗಬೇಡಿ. ನಾಮಿನಿ ಕೈಗೆ ದುಡ್ಡು ಬರುತ್ತದೆ, ಆದರೆ ಅದು ವಾರಸುದಾರರದ್ದು.

ಅಂದಹಾಗೆ, ಅಮ್ಮನ ಬಗ್ಗೆ ನೀವು ಏನೂ ಬರೆದಿಲ್ಲ. ಅವರ ಬಳೆ, ಸರ, ಅವರ ಹೆಸರಿನ ಎಫ್‌ಡಿ, ಎಲ್ಲಾದರೂ ಒಂದು ಸೈಟು ಇರಬಹುದು. ಅವರೂ ಒಂದು ವಿಲ್ ಬರೆಯಬಹುದಲ್ಲ? ಅಪ್ಪ ವಕೀಲರ ಹತ್ತಿರ ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ.